ಗಟ್ಟಿ ಇದ್ದರಷ್ಟೇ ಸಾಲದು!

ಅಪ್ಪನ ಎಡಗಣ್ಣಿನಿಂದ ಒಂದು ಬೆರಳಿನಷ್ಟು ಕೆಳಗೆ, ಅಕ್ಕಿಕಾಳಿನ ಉದ್ದದ ಒಂದು ಗಾಯದ ಗುರುತಿದೆ. ಯಾರಾದರೂ ಕೇಳಿದರೆ ‘ಕೆಲಸ ಮಾಡುವಾಗ ಕಬ್ಬಿಣ ಸಿಡೀತು’ ಎಂದು ಹೇಳಿ ಅಪ್ಪ ಮಾತು ಬದಲಿಸುತ್ತಾರೆ. ಆ ಕಬ್ಬಿಣವನ್ನು ಮಾಡಿಕೊಟ್ಟವನು ಮಗನೇ ಎಂದು ಅವರು ಈವರೆಗೆ ಯಾರ ಮುಂದೆಯೂ ಹೇಳಿಲ್ಲ. ಹಾಗಾಗಿ ನಾನೇ ಹೇಳುತ್ತಿದ್ದೇನೆ.

ನಮ್ಮೂರು ಶಿಕಾರಿಪುರ ತಾಲ್ಲೂಕಿನ ತೊಗರ್ಸಿ. ಮಲ್ಲಿಕಾರ್ಜುನ ದೇವಸ್ಥಾನದಿಂದಾಗಿ ಸುತ್ತಲಿನವರಿಗೆ ಪರಿಚಯವಿರುವ ಊರು. ಮನೆಯಲ್ಲಿ ಭತ್ತ, ಜೋಳ, ಒಂದಿಷ್ಟು ಅಡಿಕೆ. ನಾನು ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ, ಈಗ ಐದನೇ ಸೆಮಿಸ್ಟರ್. ಹೋದ ವರ್ಷ ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು: ಹಿತ್ತಿಲಲ್ಲಿ ಸ್ವಂತ ಕುಲುಮೆ ಹಾಕಬೇಕು, ನನ್ನ ಉಪಕರಣಗಳನ್ನು ನಾನೇ ಮಾಡಿಕೊಳ್ಳಬೇಕು. ಮೊಬೈಲ್‌ನಲ್ಲಿ ನೋಡಿದ ವಿಡಿಯೊಗಳಲ್ಲಿ ಎಲ್ಲವೂ ಹತ್ತು ನಿಮಿಷದಲ್ಲಿ ಆಗಿಬಿಡುತ್ತಿತ್ತು.

ಗುಜರಿಯಿಂದ ಲಾರಿಯ ಹಳೇ ಬ್ರೇಕ್ ಡ್ರಮ್ ತಂದೆ. ಕೆಳಗೊಂದು ಪೈಪ್, ಅದಕ್ಕೊಂದು ಸಣ್ಣ ಬ್ಲೋವರ್, ಮೇಲೆ ಇದ್ದಿಲು. ಕುಲುಮೆ ಸಿದ್ಧ! ಮೊದಲು ಏನು ಮಾಡೋಣ ಎಂದು ಯೋಚಿಸುತ್ತಿದ್ದಾಗ, ಕಲ್ಟಿವೇಟರ್‌ನ ತುಕ್ಕು ಹಿಡಿದ ಬೋಲ್ಟ್ ಬಿಚ್ಚಲಾಗದೆ ಅಪ್ಪ ಪರದಾಡುತ್ತಿದ್ದರು. ‘ಒಂದು ಒಳ್ಳೇ ಚಾಣ ಇದ್ದಿದ್ದರೆ ಬೋಲ್ಟಿನ ತಲೇನೇ ಕಡಿದು ಹಾಕ್ತಿದ್ದೆ’ ಎಂದರು. ನನಗೆ ಅಷ್ಟೇ ಸಾಕಿತ್ತು.

ಕಬ್ಬಿಣವನ್ನೇ ಕಡಿಯುವ ಚಾಣಕ್ಕೆ ಎಲ್ಲಕ್ಕಿಂತ ಗಡಸಾದ ಉಕ್ಕು ಬೇಕು, ಮನೆಯಲ್ಲಿರುವುದರಲ್ಲಿ ಎಲ್ಲಕ್ಕಿಂತ ಗಡಸು ಯಾವುದು? ಹಲ್ಲು ಸವೆದ ಹಳೇ ಅರ. ಕಬ್ಬಿಣವನ್ನು ತಿಕ್ಕುವ ವಸ್ತು ಕಬ್ಬಿಣವನ್ನು ಕಡಿಯದೇ ಇರುತ್ತದೆಯೇ? ಅರವನ್ನು ಕೆಂಪಗೆ ಕಾಯಿಸಿ, ಬಡಿದು ಚೂಪು ಮಾಡಿ, ಮತ್ತೆ ಕಾಯಿಸಿ, ಇಡೀ ಚಾಣವನ್ನು ಬಕೆಟ್ ನೀರಿಗೆ ಅದ್ದಿದೆ. ‘ಚುಂಯ್’ ಎಂದ ಸದ್ದಿಗೆ ಮೈ ಜುಮ್ಮೆಂದಿತು. ಗಾಜಿನ ಮೇಲೆ ಎಳೆದರೆ ಗೀರು ಬಿತ್ತು. ಹೆಮ್ಮೆಯಿಂದ ಅಪ್ಪನ ಕೈಗೆ ಕೊಟ್ಟೆ.

ಮೂರನೇ ಏಟಿಗೆ ‘ಟಕ್’ ಎಂದು ಸದ್ದಾಯಿತು. ಅಪ್ಪ ಕೆನ್ನೆ ಹಿಡಿದುಕೊಂಡು ಕುಳಿತುಬಿಟ್ಟರು. ಸುತ್ತಿಗೆ ಬಿದ್ದ ಕಡೆಯಿಂದ ಚಾಣದ ತಲೆಯ ಒಂದು ಚೂರು ಸಿಡಿದಿತ್ತು. ಬೈಕಿನಲ್ಲಿ ಕೂರಿಸಿಕೊಂಡು ಶಿರಾಳಕೊಪ್ಪಕ್ಕೆ ಹೋದೆ. ಎರಡು ಹೊಲಿಗೆ ಬಿದ್ದವು. ‘ಒಂದು ಬೆರಳು ಮೇಲೆ ಬಿದ್ದಿದ್ದರೆ ಕಣ್ಣು ಹೋಗ್ತಿತ್ತು’ ಎಂದರು ವೈದ್ಯರು. ವಾಪಸ್ ಬರುವಾಗ ಅಪ್ಪ ಹಿಂದೆ ಕೂತು ‘ನಿಧಾನ ಹೋಗು’ ಎಂದರೇ ಹೊರತು ಬೇರೇನೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪುಸ್ತಕದಲ್ಲಿತ್ತು, ಕೈಯಲ್ಲಿರಲಿಲ್ಲ

ನಾಚಿಕೆಯ ಸಂಗತಿ ಏನೆಂದರೆ, ಆ ಚಾಣ ಯಾಕೆ ಸಿಡಿಯಿತು ಎಂಬ ಪ್ರಶ್ನೆಗೆ ಉತ್ತರವನ್ನು ನಾನು ಅದೇ ತಿಂಗಳು ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಐರನ್–ಕಾರ್ಬನ್ ಡಯಾಗ್ರಂ ಬಿಡಿಸಿ, 727 ಡಿಗ್ರಿಯ ಗೆರೆ ಎಳೆದು, ಮಾರ್ಟೆನ್‌ಸೈಟ್ ಎಂದರೆ ಏನೆಂದು ಎರಡು ಪುಟ ತುಂಬಿಸಿದ್ದೆ. ಒಳ್ಳೇ ಅಂಕವೂ ಬಂತು.

ಉಕ್ಕು ಎಂದರೆ ಕಬ್ಬಿಣದಲ್ಲಿ ಸ್ವಲ್ಪವೇ ಸ್ವಲ್ಪ ಇಂಗಾಲ ಬೆರೆತದ್ದು. ಗೇಟು, ಕಿಟಕಿಗೆ ಬಳಸುವ ಮೈಲ್ಡ್ ಸ್ಟೀಲ್‌ನಲ್ಲಿ ನೂರಕ್ಕೆ ಸುಮಾರು 0.2ರಷ್ಟು ಇಂಗಾಲ. ಲಾರಿಯ ಕಮಾನು ಪಟ್ಟಿಯಲ್ಲಿ ಸುಮಾರು 0.5ರಿಂದ 0.6. ಅರದಲ್ಲಿ ಒಂದಕ್ಕಿಂತ ಹೆಚ್ಚು. ಕೇಳಲು ಪುಡಿ ಲೆಕ್ಕ ಅನ್ನಿಸುತ್ತದೆ. ಆದರೆ ಈ ಪುಡಿ ಲೆಕ್ಕವೇ ಒಂದನ್ನು ತಂತಿಯಂತೆ ಬಾಗಿಸುತ್ತದೆ, ಇನ್ನೊಂದನ್ನು ಗಾಜಿನಂತೆ ಒಡೆಯುತ್ತದೆ. ಇಂಗಾಲ ಹೆಚ್ಚಿರುವ ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಒಳಗಿನ ಕಣಗಳಿಗೆ ತಮ್ಮ ಜಾಗಕ್ಕೆ ಮರಳಲು ಸಮಯ ಸಿಗುವುದಿಲ್ಲ. ಇಂಗಾಲ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಇಡೀ ರಚನೆ ಬಿಗಿದುಕೊಳ್ಳುತ್ತದೆ. ಅದೇ ಮಾರ್ಟೆನ್‌ಸೈಟ್. ಬಹಳ ಗಡಸು, ಅಷ್ಟೇ ಪೆಡಸು. ಅದನ್ನು ಮತ್ತೆ ಹದವಾಗಿ ಕಾಯಿಸಿ ಬಿಗಿ ಸಡಿಲಿಸದಿದ್ದರೆ ಏಟು ತಡೆಯುವುದಿಲ್ಲ.

ನಾನು ಮಾಡಿದ ತಪ್ಪು ಒಂದಲ್ಲ. ಏಟು ತಿನ್ನುವ ಕೆಲಸಕ್ಕೆ ಉಜ್ಜುವ ಕೆಲಸದ ಉಕ್ಕನ್ನು ಆರಿಸಿದೆ. ಅದನ್ನು ನೀರಿಗೆ ಅದ್ದಿ ಮತ್ತೆ ಕಾಯಿಸದೇ ಬಿಟ್ಟೆ. ಎಲ್ಲಕ್ಕಿಂತ ದೊಡ್ಡದು, ಸುತ್ತಿಗೆಯ ಏಟು ಬೀಳುವ ತಲೆಯನ್ನೂ ಗಡಸು ಮಾಡಿಬಿಟ್ಟೆ. ಗಡಸು ಸುತ್ತಿಗೆ ಗಡಸು ತಲೆಗೆ ಬಡಿದರೆ ಎರಡರಲ್ಲೊಂದು ಸಿಡಿಯಲೇಬೇಕು. ಗಡಸುತನ ಬೇರೆ, ಏಟು ತಾಳುವ ಗುಣ ಬೇರೆ. ಇದು ವೈವಾದಲ್ಲಿ ಎರಡು ಅಂಕದ ಪ್ರಶ್ನೆ. ನನಗೆ ಅರ್ಥವಾಗಲು ಅಪ್ಪನ ಕೆನ್ನೆಗೆ ಎರಡು ಹೊಲಿಗೆ ಬೀಳಬೇಕಾಯಿತು.

ಆಚಾರಜ್ಜನ ಕುಲುಮೆಯಲ್ಲಿ

ಹದಿನೈದು ದಿನ ಹಿತ್ತಿಲ ಕಡೆ ತಲೆ ಹಾಕಲಿಲ್ಲ. ಒಂದು ಸಂಜೆ ಅಪ್ಪನೇ ‘ಹೋಗಿ ಆಚಾರಜ್ಜನ್ನ ಕೇಳು’ ಎಂದರು. ನಮ್ಮ ಭಾಗದ ಕುಡುಗೋಲು, ಕತ್ತಿ, ಕೊಡಲಿಗಳನ್ನು ಹಣಿಯುತ್ತಾ ಬಂದ ಹಿರಿಯರು ಅವರು. ಈಗ ಎಪ್ಪತ್ತು ದಾಟಿದೆ. ಚರ್ಮದ ತಿದಿ ಮೂಲೆ ಸೇರಿ, ಅದರ ಜಾಗಕ್ಕೆ ಕರೆಂಟಿನ ಬ್ಲೋವರ್ ಬಂದಿದೆ. ಉಳಿದದ್ದೆಲ್ಲ ಹಾಗೇ ಇದೆ.

ಒಡೆದ ಚಾಣವನ್ನು ಅವರ ಮುಂದೆ ಇಟ್ಟೆ. ಕೈಗೆತ್ತಿಕೊಂಡು, ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿದರು.

‘ಅರದ್ದಾ?’

‘ಹೌದಜ್ಜಾ.’

‘ಬಾಳ ಕಾಯಿಸೀಯ. ನೋಡು, ಸಕ್ರಿ ಹರಳಿನಂಗೆ ಕಾಣ್ತೈತಿ. ಹದವಾಗಿ ಕಾದಿದ್ರ ರೇಷ್ಮಿಯಂಗೆ ನುಣ್ಣಗಿರ್ತಿತ್ತು.’

ನಾನು ಬಾಯಿ ಬಿಟ್ಟು ನೋಡಿದೆ. ಗ್ರೇನ್ ಗ್ರೋತ್ ಎಂಬ ಆರು ಅಂಕದ ಪ್ರಶ್ನೆಯನ್ನು ಅವರು ಸಕ್ಕರೆ, ರೇಷ್ಮೆ ಎಂಬ ಎರಡು ಮಾತಿನಲ್ಲಿ ಮುಗಿಸಿದ್ದರು. ಉಕ್ಕನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿದರೆ ಒಳಗಿನ ಹರಳುಗಳು ದಪ್ಪವಾಗುತ್ತವೆ, ದಪ್ಪ ಹರಳಿನ ಉಕ್ಕು ಸುಲಭವಾಗಿ ಒಡೆಯುತ್ತದೆ.

‘ಹಂಗಾದ್ರೆ ಚಾಣಕ್ಕೆ ಯಾವ ಕಬ್ಬಿಣ ಒಳ್ಳೇದಜ್ಜಾ?’ ಎಂದೆ.

‘ತಮ್ಮಾ, ಕಬ್ಬಿಣದ ಮಾತು ಆಮೇಲೆ. ಅದು ಏಟು ಹಾಕೋದಾ, ಏಟು ತಿನ್ನೋದಾ, ಬೆಂಕೀಲಿ ಇರೋದಾ, ಹಿಡ್ಕೊಳ್ಳೋದಾ? ಮೊದ್ಲು ಅದನ್ನ ಹೇಳು.’

ಆ ರಜೆಯಲ್ಲಿ ಉಳಿದ ದಿನಗಳನ್ನೆಲ್ಲ ಅಲ್ಲೇ ಕಳೆದೆ. ಅವರು ಹೇಳಿದ್ದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿದ್ದೆ. ರಾತ್ರಿ ಪಠ್ಯಪುಸ್ತಕ ತೆರೆದು, ಅದು ಯಾಕೆ ಹಾಗೆ ಎಂದು ಹುಡುಕುತ್ತಿದ್ದೆ. ನನ್ನಂತೆ ಮನೆಯಲ್ಲೇ ಕಬ್ಬಿಣ ಬಡಿಯುವ ಆಸೆ ಇರುವವರಿಗೆ ನೆರವಾಗಲಿ ಎಂದು ಆ ನೋಟ್‌ಬುಕ್‌ನ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ.

ಕೆಲಸಕ್ಕೆ ತಕ್ಕ ಉಕ್ಕು

ಮೊದಲನೆಯದು ಇಕ್ಕಳ. ಇದಕ್ಕೆ ಮೈಲ್ಡ್ ಸ್ಟೀಲ್ ಸಾಕು. ಸಾಕು ಎನ್ನುವುದಕ್ಕಿಂತ ಅದೇ ವಾಸಿ. ಇಕ್ಕಳದ ಬಾಯಿ ಮತ್ತೆ ಮತ್ತೆ ಕಾಯುತ್ತದೆ, ನಾವು ಅದನ್ನು ಮತ್ತೆ ಮತ್ತೆ ನೀರಿಗೆ ಅದ್ದುತ್ತೇವೆ. ಇಂಗಾಲ ಹೆಚ್ಚಿರುವ ಉಕ್ಕಾಗಿದ್ದರೆ ಪ್ರತಿ ಅದ್ದಿಗೂ ಗಡಸಾಗಿ, ಒಂದು ದಿನ ಕಾದ ಕಬ್ಬಿಣ ಹಿಡಿದಿರುವಾಗಲೇ ಮುರಿಯಬಹುದು. ಮೈಲ್ಡ್ ಸ್ಟೀಲ್ ಹೆಚ್ಚೆಂದರೆ ಬಾಗುತ್ತದೆ, ಬಡಿದು ನೆಟ್ಟಗೆ ಮಾಡಬಹುದು. ‘ಹಿಡಿಯೋದು ಮೆತ್ತಗಿರಬೇಕು’ ಎನ್ನುತ್ತಾರೆ ಆಚಾರಜ್ಜ.

ಎರಡನೆಯದು ಸುತ್ತಿಗೆ. ಇದು ಏಟು ಹಾಕುವುದು. ಮುಖ ಜಜ್ಜಿಹೋಗದಷ್ಟು ಗಡಸು ಬೇಕು, ಅಂಚು ಸಿಡಿಯದಷ್ಟು ತಾಳಿಕೆ ಬೇಕು. ಇಂಗಾಲ ಸುಮಾರು 0.4ರ ಆಸುಪಾಸಿನ ಉಕ್ಕು ಇಲ್ಲಿ ಸರಿಹೊಂದುತ್ತದೆ. ಅಂಗಡಿಯಲ್ಲಿ ಇಎನ್8 ಎಂದು ಕೇಳಿದರೆ ಸಿಗುವುದು ಅದೇ. ಆಚಾರಜ್ಜನ ಸುತ್ತಿಗೆಗಳಲ್ಲಿ ಹೆಚ್ಚಿನವು ಹಳೇ ಆಕ್ಸಲ್ ತುಂಡಿನವು. ಇಎನ್24 ಎಂಬುದೂ ಇದೆ. ಇಂಗಾಲ ಇಷ್ಟೇ, ಜೊತೆಗೆ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ. ತಾಳಿಕೆ ಜಾಸ್ತಿ, ಬಡಿಯುವುದೂ ಕಷ್ಟ. ಕೈ ಪಳಗಿದ ಮೇಲೆ ಅದರ ತಂಟೆಗೆ ಹೋಗುವುದು ಒಳ್ಳೆಯದು.

ಮೂರನೆಯದು ಚಾಣ. ಏಟು ತಿನ್ನುವುದೂ ಇದೇ, ಕಡಿಯುವುದೂ ಇದೇ. ಲಾರಿ, ಟ್ರ್ಯಾಕ್ಟರ್ ಟ್ರೈಲರ್‌ಗಳ ಕಮಾನು ಪಟ್ಟಿ, ಇಲ್ಲವೇ ಸುರುಳಿ ಸ್ಪ್ರಿಂಗ್ ಇದಕ್ಕೆ ಹೇಳಿ ಮಾಡಿಸಿದ್ದು. ದಿನಕ್ಕೆ ಸಾವಿರ ಸಲ ಬಾಗಿ ಮತ್ತೆ ನೆಟ್ಟಗಾಗುವ ಉಕ್ಕು ಅದು. ಇಂಥ ಪಟ್ಟಿಗೆ ಬಳಸುವ ಇಎನ್45 ಎಂಬ ಉಕ್ಕಿನಲ್ಲಿ ಇಂಗಾಲದ ಜೊತೆ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಸಿಲಿಕಾನ್ ಇರುತ್ತದೆ. ಇದನ್ನು ಎಣ್ಣೆಯಲ್ಲಿ ತಣಿಸಬೇಕು. ನೀರಿಗೆ ಅದ್ದಿದರೆ ಬಿರುಕು ಬಿಡುವ ಅಪಾಯವಿದೆ.

ನಾಲ್ಕನೆಯದು ಕಾದ ಕಬ್ಬಿಣಕ್ಕೆ ತೂತು ಹಾಕುವ ಪಂಚ್. ಇದರ ಕಷ್ಟ ಬೇರೆ. ಕೆಂಪು ಕಬ್ಬಿಣದೊಳಗೆ ಇಳಿದಾಗ ಇದೂ ಕಾಯುತ್ತದೆ, ಹಾಕಿದ್ದ ಹದವೆಲ್ಲ ಇಳಿದುಹೋಗುತ್ತದೆ. ಸ್ಪ್ರಿಂಗ್ ಉಕ್ಕಿನದಾದರೆ ಮೂರ್ನಾಲ್ಕು ಏಟಿಗೊಮ್ಮೆ ಹೊರಗೆ ತೆಗೆದು ತಣಿಸಿಕೊಳ್ಳಬೇಕು. ಕಾರ್ಖಾನೆಗಳು ಬಿಸಿ ಅಚ್ಚುಗಳಿಗೆ ಬಳಸುವ ಎಚ್13 ಎಂಬ ಉಕ್ಕು ಕಾದರೂ ಗಡಸುತನ ಬಿಟ್ಟುಕೊಡುವುದಿಲ್ಲ. ಆದರೆ ಬೆಲೆ ಜಾಸ್ತಿ. ಅದು ಗಾಳಿಯಲ್ಲೇ ಗಡಸಾಗುವ ಉಕ್ಕು, ಅಪ್ಪಿತಪ್ಪಿಯೂ ನೀರಿಗೆ ಅದ್ದಬಾರದು.

ಇನ್ನು ನಮ್ಮಂಥ ಹುಡುಗರ ಕೈಗೆ ಮೊದಲು ಸಿಗುವುದು ಮನೆ ಕಟ್ಟುವಾಗ ಉಳಿದ ಕಂಬಿ ತುಂಡು. ಟಿಎಂಟಿ ಎಂದರೆ ಬಲಶಾಲಿ ಎಂಬ ಜಾಹೀರಾತು ನೋಡಿ ಬೆಳೆದವರು ನಾವು. ಅದರ ಬಲ ಇರುವುದು ಹೊರಪದರದಲ್ಲಿ. ಕಾರ್ಖಾನೆಯಲ್ಲಿ ಕೆಂಪು ಕಂಬಿಯ ಮೇಲೆ ರಭಸದಿಂದ ನೀರು ಹಾಯಿಸಿ ಹೊರಮೈಯನ್ನು ಗಡಸು ಮಾಡುತ್ತಾರೆ, ಒಳಗಿನ ತಿರುಳು ಮೆತ್ತಗೇ ಉಳಿಯುತ್ತದೆ. ಭೂಕಂಪಕ್ಕೆ ಬಾಗಬೇಕಾದ ಕಟ್ಟಡಕ್ಕೆ ಅದು ಸರಿ. ನಮ್ಮ ಕುಲುಮೆಯಲ್ಲಿ ಕಾಯಿಸಿದ ಕೂಡಲೇ ಆ ಹೊರಪದರದ ಗುಣ ಅಳಿಸಿಹೋಗುತ್ತದೆ. ಇಂಗಾಲವಂತೂ ನಿಯಮದ ಪ್ರಕಾರವೇ 0.3ರ ಒಳಗೆ. ಕೊಕ್ಕೆ, ಗೂಟ, ಇಕ್ಕಳಕ್ಕೆ ನಡೆದೀತು. ಚಾಣ ಮಾಡಿದರೆ ಬಾಯಿ ಮಡಚಿಕೊಳ್ಳುತ್ತದೆ.

ಹೆಸರಿಲ್ಲದ ಕಬ್ಬಿಣವನ್ನು ಕೇಳುವುದು ಹೇಗೆ?

ಗುಜರಿ ಕಬ್ಬಿಣದ ಮೇಲೆ ಹೆಸರು ಬರೆದಿರುವುದಿಲ್ಲ. ಆದರೆ ಕೇಳುವ ರೀತಿಯಲ್ಲಿ ಕೇಳಿದರೆ ಅದು ಹೇಳುತ್ತದೆ.

ಆಚಾರಜ್ಜ ತುಂಡನ್ನು ಗ್ರೈಂಡಿಂಗ್ ಕಲ್ಲಿಗೆ ಹಿಡಿಯುತ್ತಾರೆ. ಮೈಲ್ಡ್ ಸ್ಟೀಲ್ ಆದರೆ ಉದ್ದುದ್ದ ಗೆರೆಯ ಕಿಡಿ, ಕವಲು ಕಡಿಮೆ. ಇಂಗಾಲ ಹೆಚ್ಚಿದಂತೆಲ್ಲ ಕಿಡಿಯ ತುದಿಯಲ್ಲಿ ಸುರುಸುರು ಬತ್ತಿಯಂತೆ ನಕ್ಷತ್ರಗಳು ಒಡೆಯುತ್ತವೆ. ಬೀಡು ಕಬ್ಬಿಣವಾದರೆ ಕೆಂಪನೆಯ ಗಿಡ್ಡ ಕಿಡಿ. ಮೊದಲು ಗೊತ್ತಿರುವ ಎರಡು ತುಂಡುಗಳ ಕಿಡಿ ನೋಡಿ, ಆಮೇಲೆ ಗೊತ್ತಿಲ್ಲದ್ದನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ನೆರಳಿನಲ್ಲಿ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ಪರೀಕ್ಷೆ ನಿಜವಾದ ಸಾಕ್ಷಿ. ತುಂಡಿನ ತುದಿಯಿಂದ ಬೆರಳುದ್ದ ಕತ್ತರಿಸಿ, ಕೆಂಪಗೆ ಕಾಯಿಸಿ, ನೀರಿಗೆ ಅದ್ದಬೇಕು. ವೈಸ್‌ನಲ್ಲಿ ಸಿಗಿಸಿ, ಮೇಲೆ ಗೋಣಿಚೀಲ ಮುಚ್ಚಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಬಡಿಯಬೇಕು. ಬಾಗಿದರೆ ಅದು ಚಾಣಕ್ಕೆ ಆಗುವ ಉಕ್ಕಲ್ಲ. ಥಟ್ಟನೆ ಮುರಿದರೆ ಇಂಗಾಲ ಇದೆ ಎಂದರ್ಥ. ಒಂದು ಬೆರಳುದ್ದ ತುಂಡು ಹಾಳಾಗುತ್ತದೆ ನಿಜ. ದಿನವಿಡೀ ಬಡಿದು ಮಾಡಿದ ಉಪಕರಣ ಹಾಳಾಗುವುದಕ್ಕಿಂತ ಅದು ಅಗ್ಗ.

ಇಲ್ಲಿ ನಾನೂ ಆಚಾರಜ್ಜನಿಗೆ ಒಂದು ಸಂಗತಿ ಕಲಿಸಿದೆ ಎಂದು ಹೇಳಿಕೊಳ್ಳಲು ಖುಷಿಯಾಗುತ್ತದೆ. ಮುರಿದ ಕಮಾನು ಪಟ್ಟಿಯಿಂದ ನಾನು ಮಾಡಿದ ಎರಡನೇ ಚಾಣ, ತಣಿಸುವಾಗ ಉದ್ದಕ್ಕೆ ಸೀಳಿಹೋಯಿತು. ಎಣ್ಣೆ ಸರಿಯಿತ್ತು, ಕಾವೂ ಸರಿಯಿತ್ತು. ಆಮೇಲೆ ಹೊಳೆಯಿತು: ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಮೊದಲೇ ಇತ್ತು! ಕಾಲೇಜಿನಲ್ಲಿ ಕಲಿತದ್ದು ನೆನಪಾಗಿ, ಉಳಿದ ಪಟ್ಟಿಗಳನ್ನು ಉಜ್ಜಿ ತೊಳೆದು, ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಒಂದು ಪಟ್ಟಿಯ ಮೇಲೆ ಬಿರುಕಿನಿಂದ ಎಣ್ಣೆ ಹೊರಬಂದು ಕೂದಲೆಳೆಯಂಥ ಗೆರೆ ಮೂಡಿತು. ಆಚಾರಜ್ಜ ಕನ್ನಡಕ ಸರಿಸಿಕೊಂಡು ಬಗ್ಗಿ ನೋಡಿ, ‘ಅಯ್ಯ, ಇಷ್ಟು ವರ್ಷ ಎಷ್ಟು ಮಾಲು ಸೀಳಿಸ್ಕೊಂಡೆನಲ್ಲೋ’ ಎಂದು ನಕ್ಕರು. ಈಗ ಅವರ ಕುಲುಮೆಯ ಗೂಟದಲ್ಲಿ ಸೀಮೆಸುಣ್ಣದ ಡಬ್ಬಿಯೊಂದು ನೇತಾಡುತ್ತಿದೆ.

ಹಾಗಾಗಿ ಹೊಸದಾಗಿ ಶುರು ಮಾಡುವವರು ಒಂದೆರಡು ಅಡಿಯಾದರೂ ಹೆಸರು ಗೊತ್ತಿರುವ ಹೊಸ ಉಕ್ಕನ್ನು ಕೊಳ್ಳಿ. ಎಷ್ಟು ಡಿಗ್ರಿಗೆ ಕಾಯಿಸಬೇಕು, ಯಾವುದರಲ್ಲಿ ತಣಿಸಬೇಕು ಎಂಬುದು ಪುಸ್ತಕದಲ್ಲೇ ಸಿಗುತ್ತದೆ. ತಪ್ಪಾದರೆ ತಪ್ಪು ನಮ್ಮ ಕೈಯದ್ದೋ ಕಬ್ಬಿಣದ್ದೋ ಎಂದು ತಿಳಿಯುತ್ತದೆ.

ಇವುಗಳನ್ನು ಮುಟ್ಟಬೇಡಿ

ಮೊದಲ ದಿನವೇ ನನ್ನ ಕುಲುಮೆ ನೋಡಲು ಬಂದ ಆಚಾರಜ್ಜ ಗದರಿದ್ದು ಗಾಳಿಯ ಪೈಪ್ ಕಂಡು. ನಾನು ಹಾಕಿದ್ದು ನಲ್ಲಿಗೆ ಬಳಸುವ ಜಿಐ ಪೈಪ್. ಅದರ ಮೇಲಿರುವುದು ಸತುವಿನ ಲೇಪ. ಸತು 907 ಡಿಗ್ರಿಗೆ ಕುದಿಯುತ್ತದೆ, ಕುಲುಮೆಯ ಬೆಂಕಿ ಅದಕ್ಕಿಂತ ಎಷ್ಟೋ ಬಿಸಿ. ಏಳುವ ಬಿಳಿ ಹೊಗೆ ಕುಡಿದರೆ ಕೆಲ ಗಂಟೆಗಳ ನಂತರ ಚಳಿಜ್ವರದಂತೆ ಮೈ ನಡುಗುತ್ತದೆ. ಹೆಚ್ಚಾದರೆ ಶ್ವಾಸಕೋಶಕ್ಕೇ ಅಪಾಯ. ಜಿಐ ಪೈಪ್, ಜಿಐ ಬೋಲ್ಟ್, ಫಳಫಳ ಹೊಳೆಯುವ ಕ್ರೋಮ್ ಲೇಪದ ರಾಡು, ಇವು ಬೆಂಕಿಯ ಹತ್ತಿರವೂ ಸುಳಿಯಬಾರದು.

ಇನ್ನೊಂದು ರೈಲು ಹಳಿ. ಪುಸ್ತಕದಲ್ಲಿ ನಾವು ಆನ್‌ವಿಲ್ ಎಂದು ಓದುವ ಅಡಿಗಲ್ಲಿಗೆ ಹಳಿಯ ತುಂಡು ಚೆನ್ನ ಎಂದು ವಿಡಿಯೊಗಳಲ್ಲಿ ತೋರಿಸುತ್ತಾರೆ. ಉಕ್ಕು ಒಳ್ಳೆಯದೇ, ಇಂಗಾಲ 0.6ರಿಂದ 0.8. ಆದರೆ ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ ಅಪರಾಧ. ರಸೀದಿ ಇಲ್ಲದ ಹಳಿ ತುಂಡಿಗಾಗಿ ಪೊಲೀಸ್ ಕೇಸು ಮೈಮೇಲೆ ಎಳೆದುಕೊಂಡು, ನಾಳೆ ಕೆಲಸದ ಅರ್ಜಿಯಲ್ಲಿ ಏನೆಂದು ಬರೆಯುವುದು? ನನ್ನ ಅಡಿಗಲ್ಲು ಮರದ ದಿಮ್ಮಿಯಲ್ಲಿ ಹೂತ ಹಳೇ ಆಕ್ಸಲ್‌ನ ತುಂಡು. ಸದ್ಯಕ್ಕೆ ಧಾರಾಳವಾಯಿತು.

ಉಕ್ಕು ನಮ್ಮದೇ ಮಾತು

ಒಮ್ಮೆ ‘ಸ್ಟೀಲ್’ ಎಂದು ನಾನು ಹತ್ತನೇ ಸಲ ಹೇಳಿದಾಗ ಆಚಾರಜ್ಜ ‘ಉಕ್ಕು ಅನ್ನೋಕೆ ಏನು ನೋವು?’ ಎಂದು ಕೇಳಿದರು. ಆ ರಾತ್ರಿ ಹುಡುಕಿ ಓದಿದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಭಾರತದಿಂದ ಹೋದ ‘ವೂಟ್ಸ್’ ಎಂಬ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ್ದರು. ಆ ವೂಟ್ಸ್ ಎಂಬುದು ನಮ್ಮ ‘ಉಕ್ಕು’ ಪದದ ಅಪಭ್ರಂಶ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮುಂದೆ ಅದರ ಮೇಲೆ ಪ್ರಯೋಗ ನಡೆಸಿದವರಲ್ಲಿ ಮೈಕೆಲ್ ಫ್ಯಾರಡೆ ಕೂಡ ಒಬ್ಬರು. ನಾವು ವಿದ್ಯುತ್ ಪಾಠದಲ್ಲಿ ಓದುವ ಅದೇ ಫ್ಯಾರಡೆ. ಅವರ ತಂದೆ ಕಮ್ಮಾರರಾಗಿದ್ದರು!

ವೂಟ್ಸ್‌ನಲ್ಲಿ ಇಂಗಾಲ ನನ್ನ ಅರಕ್ಕಿಂತಲೂ ಹೆಚ್ಚು. ತಮ್ಮ ಕಬ್ಬಿಣಕ್ಕೆ ರೂಢಿಯಾಗಿದ್ದಷ್ಟೇ ಬಿಸಿ ಮಾಡಿ ಬಡಿದ ಯುರೋಪಿನ ಕಮ್ಮಾರರಿಗೆ ಅದು ಸುತ್ತಿಗೆಯ ಕೆಳಗೆ ಪುಡಿಪುಡಿಯಾಗುತ್ತಿತ್ತಂತೆ. ಕಡಿಮೆ ಕಾವಿನಲ್ಲಿ, ತಾಳ್ಮೆಯಿಂದ ಬಡಿಯಬೇಕಾದ ಉಕ್ಕು ಅದು. ಜಗತ್ತೇ ಹೊಗಳಿದ ಉಕ್ಕು ಕೂಡ ಅದರ ಸ್ವಭಾವ ತಿಳಿಯದವರ ಕೈಯಲ್ಲಿ ಒಡೆದ ಚೂರು. ಓದಿ ನನಗೆ ಒಂದು ಬಗೆಯ ಸಮಾಧಾನವಾಯಿತು, ಒಡೆದುಕೊಂಡವನು ನಾನೊಬ್ಬನೇ ಅಲ್ಲ.

ಇಷ್ಟೆಲ್ಲ ಓದುವಾಗ ನಮ್ಮದೇ ಜಿಲ್ಲೆಯ ಭದ್ರಾವತಿ ನೆನಪಾಗದೇ ಇರುತ್ತದೆಯೇ? ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಊದುಕುಲುಮೆಗೆ ಉರುವಲಾಗಿದ್ದು ಮಲೆನಾಡಿನ ಮರದ ಇದ್ದಿಲು, ಅದಿರು ಕೆಮ್ಮಣ್ಣುಗುಂಡಿಯದು. ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದವರು ವಿಶ್ವೇಶ್ವರಯ್ಯ. ಮುಂದೆ ಅದು ಹೆಸರು ಮಾಡಿದ್ದು ವಿಶೇಷ ಉಕ್ಕುಗಳಿಗೆ. ಅಂದರೆ ಇಂಥ ಕೆಲಸಕ್ಕೆ ಇಂಥದ್ದೇ ಉಕ್ಕು ಎಂದು ಅಳೆದು ತೂಗಿ ಮಾಡುವ ಕಸುಬಿಗೆ. ಆಚಾರಜ್ಜ ಕೇಳಿದ ಪ್ರಶ್ನೆಯನ್ನೇ ಆ ಕಾರ್ಖಾನೆಯೂ ಕೇಳುತ್ತಿತ್ತು.

ನೇರಳೆ ಬಣ್ಣ ಬರುವ ತನಕ

ಮೂರನೇ ಚಾಣವನ್ನು ಮಾಡಿದ್ದು ನಾಲ್ಕನೇ ಸೆಮಿಸ್ಟರ್ ರಜೆಯಲ್ಲಿ. ಬಿರುಕಿಲ್ಲವೆಂದು ಪರೀಕ್ಷಿಸಿದ ಸ್ಪ್ರಿಂಗ್ ತುಂಡು. ಬಡಿದು ಆಕಾರ ಕೊಟ್ಟ ಮೇಲೆ ಕೂಡಲೇ ತಣಿಸಲಿಲ್ಲ. ಮೂರು ಸಲ ಕೆಂಪಗೆ ಕಾಯಿಸಿ, ಗಾಳಿಯಲ್ಲಿ ತಾನಾಗಿ ಆರಲು ಬಿಟ್ಟೆ. ಬಡಿತದಿಂದ ಒಳಗೆ ಉಳಿದ ಒತ್ತಡ ಇಳಿಯಲಿ, ಹರಳು ಮತ್ತೆ ಸಣ್ಣದಾಗಲಿ ಎಂದು.

ತಣಿಸಲು ಎಷ್ಟು ಕಾವು ಬೇಕು ಎಂಬುದಕ್ಕೆ ಆಚಾರಜ್ಜನಿಗೆ ಮುಸ್ಸಂಜೆಯ ಬೆಳಕಿನಲ್ಲಿ ಕಾಣುವ ಬಣ್ಣವೇ ಅಳತೆ. ನನ್ನ ಕಣ್ಣಿಗೆ ಆ ಪಳಗಿಕೆ ಇಲ್ಲ. ಹಾಗಾಗಿ ಆಯಸ್ಕಾಂತ ಇಟ್ಟುಕೊಂಡೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನು ಸ್ವಲ್ಪವೇ ಕಾಯಿಸಿ, ಚಾಣದ ಬಾಯಿಯನ್ನು ಮಾತ್ರ ಎರಡು ಬೆರಳು ಅಗಲದಷ್ಟು ಬೆಚ್ಚನೆಯ ಅಡುಗೆ ಎಣ್ಣೆಗೆ ಇಳಿಸಿದೆ. ಹಳೇ ಎಂಜಿನ್ ಆಯಿಲ್‌ನ ಹೊಗೆ ಒಳ್ಳೆಯದಲ್ಲ. ಹಾಗೆಂದು ಅಡುಗೆ ಎಣ್ಣೆ ಕೇಳಿದ್ದಕ್ಕೆ ಅಮ್ಮ ‘ಕಬ್ಬಿಣಕ್ಕೂ ಒಗ್ಗರಣೆ ಹಾಕ್ತೀಯೇನೋ?’ ಎಂದರು. ಎಣ್ಣೆಗೆ ಬೆಂಕಿ ಹತ್ತಬಹುದು. ಕಬ್ಬಿಣದ ಡಬ್ಬಿಯನ್ನೇ ಬಳಸಬೇಕು, ಮುಚ್ಚಳ ಕೈಗೆ ಸಿಗುವಂತಿರಬೇಕು.

ಹೊರತೆಗೆದು ಬಾಯಿಯನ್ನು ಒರೆಸಿ, ಉಪ್ಪುಕಾಗದದಿಂದ ಬೇಗ ಬೇಗ ತಿಕ್ಕಿ ಬೆಳ್ಳಗೆ ಮಾಡಿದೆ. ಹಿಂಬದಿಯಲ್ಲಿ ಉಳಿದಿದ್ದ ಬಿಸಿ ನಿಧಾನಕ್ಕೆ ಬಾಯಿಯ ಕಡೆ ಹರಿಯತೊಡಗಿತು. ಬೆಳ್ಳಗಿದ್ದ ಲೋಹದ ಮೇಲೆ ಮೊದಲು ತಿಳಿ ಹಳದಿ, ಆಮೇಲೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ ಒಂದರ ಬೆನ್ನಿಗೊಂದು ಸಾಲುಗಟ್ಟಿ ಬಂದವು. ಹಳದಿ ಎಂದರೆ ಸುಮಾರು 220 ಡಿಗ್ರಿ, ನೀಲಿ ಎಂದರೆ 300ರ ಹತ್ತಿರ. ಬಣ್ಣ ಮುಂದೆ ಹೋದಂತೆಲ್ಲ ಗಡಸು ಇಳಿಯುತ್ತದೆ, ತಾಳಿಕೆ ಏರುತ್ತದೆ. ಕತ್ತಿಗೆ ಹಳದಿಯ ಆಸುಪಾಸು ನಡೆಯುತ್ತದೆ, ಏಟು ತಿನ್ನುವ ಚಾಣಕ್ಕೆ ನೇರಳೆ ಬೇಕು. ನೇರಳೆ ಬಾಯಿಯ ಅಂಚು ಮುಟ್ಟಿದ ಕ್ಷಣ ಅದನ್ನು ತಣಿಸಿದೆ. ಸುತ್ತಿಗೆ ಬೀಳುವ ತಲೆ ಎಣ್ಣೆಯನ್ನು ಮುಟ್ಟಿಯೇ ಇರಲಿಲ್ಲ, ಅದು ಮೆತ್ತಗೇ ಉಳಿಯಿತು. ಮೆತ್ತಗಿರುವ ತಲೆ ಬಡಿದಂತೆಲ್ಲ ಅಣಬೆಯಂತೆ ಅರಳುತ್ತದೆ. ಆ ಅಂಚನ್ನು ಆಗಾಗ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಅದೂ ಚೂರಾಗಿ ಸಿಡಿಯುತ್ತದೆ.

ನಮ್ಮ ತರಗತಿಯಲ್ಲಿ ಈಗ ಎಲ್ಲರ ಬಾಯಲ್ಲೂ ಇಂಟರ್ನ್‌ಶಿಪ್, ಪ್ಲೇಸ್‌ಮೆಂಟ್‌ನದೇ ಮಾತು. ‘ಹಾರ್ಡ್‌ನೆಸ್‌ಗೂ ಟಫ್‌ನೆಸ್‌ಗೂ ವ್ಯತ್ಯಾಸವೇನು’ ಎಂಬ ಪ್ರಶ್ನೆ ಸಂದರ್ಶನದಲ್ಲಿ ಬಂದರೆ ಹೇಳಲು ಎಲ್ಲರೂ ಒಂದು ಸಾಲು ಬಾಯಿಪಾಠ ಮಾಡಿಕೊಂಡಿದ್ದಾರೆ. ನಾನೂ ಮಾಡಿಕೊಂಡಿದ್ದೆ. ಈಗ ಆ ಪ್ರಶ್ನೆ ಕೇಳಿದರೆ ನನಗೆ ಸಾಲು ನೆನಪಾಗುವುದಿಲ್ಲ, ‘ಟಕ್’ ಎಂಬ ಸದ್ದು ನೆನಪಾಗುತ್ತದೆ.

ಹೊಸ ಚಾಣವನ್ನು ನಾನಾಗಿ ಅಪ್ಪನಿಗೆ ಕೊಡಲಿಲ್ಲ. ಧೈರ್ಯವಾಗಲಿಲ್ಲ. ಎರಡು ದಿನ ನಾನೇ ಕನ್ನಡಕ ಹಾಕಿಕೊಂಡು, ಸಿಕ್ಕಿದ ಕಬ್ಬಿಣವನ್ನೆಲ್ಲ ಕಡಿದು ನೋಡಿದೆ. ಬಾಯಿ ಮಡಚಲಿಲ್ಲ, ತಲೆ ಸಿಡಿಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಅಪ್ಪ ಕೊಟ್ಟಿಗೆಯ ಕಡೆಯಿಂದ ಕೂಗಿದರು: ‘ಏ, ಆ ಚಾಣ ತಗೊಂಬಾರೋ.’

ಹೋದ ವರ್ಷದ ಅದೇ ಬೋಲ್ಟು, ಅದೇ ಕಲ್ಟಿವೇಟರ್. ಚಾಣದ ಜೊತೆ ನನ್ನ ಕನ್ನಡಕವನ್ನೂ ಚಾಚಿದೆ. ಅಪ್ಪ ಒಂದು ಕ್ಷಣ ನನ್ನನ್ನೇ ನೋಡಿ, ಏನೂ ಹೇಳದೆ ಹಾಕಿಕೊಂಡರು. ಐದೋ ಆರೋ ಏಟಿಗೆ ಬೋಲ್ಟಿನ ತಲೆ ಹಾರಿ ದೂರ ಬಿತ್ತು. ಚಾಣದ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

‘ಆಚಾರಜ್ಜಂದಾ, ನಿಂದಾ?’

‘ಇಬ್ಬರದ್ದೂ’ ಎಂದೆ.

ಅಪ್ಪ ಅದನ್ನು ನನಗೆ ವಾಪಸ್ ಕೊಡಲಿಲ್ಲ. ತಮ್ಮ ಸಾಮಾನಿನ ಪೆಟ್ಟಿಗೆಗೆ ಹಾಕಿಕೊಂಡರು.